ರಾಗ ಮತ್ತು ಆರಾಧನೆ: ನಮ್ಮ ಭಕ್ತಿಗೀತೆಗಳನ್ನು ಕುರಿತು ಕೆಲವು ವಿಚಾರಗಳು

(ಶತಮಾನೋತ್ಸವದ ಅಂಗವಾಗಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಶತಮಾನೋತ್ಸವದ ಈ ದಿನಗಳಲ್ಲಿ ನಾವು ಹಲವು ಲೆಕ್ಕಗಳನ್ನು ತೆಗೆದಿದ್ದೇವೆ. ದೇವಾಲಯಕ್ಕೆ ತಳಹದಿ ಹಾಕಿದವರು ಯಾರು, ಗಂಟೆ ತೂಗುಹಾಕಿದವರು ಯಾರು, ಇಲ್ಲಿ ಸೇವೆ ಸಲ್ಲಿಸಿದ ಗುರುಗಳು ಎಷ್ಟು ಮಂದಿ ಎಂಬುದೆಲ್ಲ ಸ್ಮರಣ ಸಂಚಿಕೆಯಲ್ಲಿ ಅಚ್ಚಾಗಲಿದೆ. ಆದರೆ ಈ ಸೂರಿನಡಿ ಇಷ್ಟು ವರ್ಷ ಹಾಡಿದ ಹಾಡುಗಳ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಪ್ರವಚನವನ್ನು ಭಕ್ತಾದಿಗಳು ಮನೆ ಸೇರುವಷ್ಟರಲ್ಲಿ ಮರೆತಾರು; ಹಾಡನ್ನು ಮಾತ್ರ ಮರಣಶಯ್ಯೆಯವರೆಗೂ ಮರೆಯರು. ಆದ್ದರಿಂದ ಇಂದು ಹಾಡಿನ ವಿಚಾರವನ್ನೇ ಎತ್ತಿಕೊಂಡಿದ್ದೇವೆ.

ಪ್ರಶ್ನೆ ಇಷ್ಟೇ. ರಾಮನನ್ನೂ ಕೃಷ್ಣನನ್ನೂ ಸ್ತುತಿಸಿ ಬೆಳೆದ ರಾಗಗಳು ಪ್ರಭು ಯೇಸುವಿನ ಸ್ತುತಿಯನ್ನು ಹೊರಬಲ್ಲವೇ? ಹೊರಬಲ್ಲವಾದರೆ ಅವನ್ನು ಬಳಸುವವರ ಹೊಣೆಯೇನು? ಮೊದಲನೆಯದಕ್ಕೆ ಇತಿಹಾಸವೇ ಉತ್ತರ ಕೊಟ್ಟಿದೆ. ಎರಡನೆಯದಕ್ಕೆ ನಾವು ಇನ್ನೂ ಪೂರ್ತಿಯಾಗಿ ಉತ್ತರ ಕೊಟ್ಟಿಲ್ಲ ಎಂಬುದೇ ಈ ಉಪನ್ಯಾಸದ ಸಾರ.

ನಾವು ಬಾಳುತ್ತಿರುವ ನೆಲವನ್ನು ಮೊದಲು ನೋಡೋಣ. ಬೇಲೂರು ಹಳೇಬೀಡುಗಳ ಗೋಡೆಗಳಲ್ಲಿ ಮದ್ದಳೆ ಬಾರಿಸುವವರು, ಕೊಳಲೂದುವವರು, ತಾಳ ಹಿಡಿದವರು ಎಂಟುನೂರು ವರ್ಷಗಳಿಗೂ ಮೀರಿ ಕಲ್ಲಿನಲ್ಲಿ ನಿಂತಿದ್ದಾರೆ. ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿಯ ದಡದ ರುದ್ರಪಟ್ಟಣವನ್ನು ಸಂಗೀತಗ್ರಾಮವೆಂದೇ ಕರೆಯುತ್ತಾರೆ. 1920ರಲ್ಲಿ ಅಲ್ಲಿ ಜನಿಸಿ 2014ರಲ್ಲಿ ಕಾಲವಾದ ವಿದ್ವಾನ್ ಆರ್. ಕೆ. ಶ್ರೀಕಂಠನ್ ಅವರೂ, ರುದ್ರಪಟ್ಟಣಂ ಸಹೋದರರೆಂದು ಹೆಸರಾದ ತ್ಯಾಗರಾಜನ್ ಮತ್ತು ತಾರಾನಾಥನ್ ಅವರೂ ಆ ಊರಿನ ಪರಂಪರೆಯವರು. ವಿದ್ವಾನ್ ಆರ್. ಕೆ. ಪದ್ಮನಾಭ ಅವರು ಅಲ್ಲಿ ತಂಬೂರಿಯ ಆಕಾರದಲ್ಲಿಯೇ ಸಪ್ತಸ್ವರ ದೇವತಾ ಧ್ಯಾನಮಂದಿರವನ್ನು ಕಟ್ಟಿಸಿದ್ದಾರೆ. ಇಂತಹ ಸೀಮೆಯಲ್ಲಿ ಹುಟ್ಟಿದ ಕ್ರೈಸ್ತನ ಕಿವಿ ಯಾವ ಸ್ವರಕ್ಕೆ ಒಗ್ಗಿರಬೇಕು?

ನಮ್ಮ ಹಳ್ಳಿಗಳ ರೈತಾಪಿ ಜನ ಸಭೆಗಳಲ್ಲಿ ಕುಳಿತು ಕಚೇರಿ ಕೇಳಿದವರಲ್ಲ, ನಿಜ. ರಾಗ ಅವರನ್ನು ತಲುಪಿದ್ದು ಬೇರೆ ದಾರಿಗಳಿಂದ. ಭಜನೆ, ಹರಿಕಥೆ, ಎಲ್ಲಕ್ಕಿಂತ ಮಿಗಿಲಾಗಿ ಸುಗ್ಗಿ ಮುಗಿದ ಮೇಲೆ ಆಡುವ ಪೌರಾಣಿಕ ನಾಟಕಗಳು ಆ ದಾರಿಗಳು. ಹಾರ್ಮೋನಿಯಂ ಮೇಷ್ಟರು ತಿಂಗಳುಗಟ್ಟಲೆ ಊರಿನಲ್ಲಿ ಉಳಿದು ಮೋಹನ, ಹಿಂದೋಳ, ಕಲ್ಯಾಣಿ, ಭೈರವಿಗಳನ್ನು ಹೆಸರು ಹೇಳದೆಯೇ ಕಲಿಸುತ್ತಿದ್ದರು. ಸ್ವರಪ್ರಸ್ತಾರ ಅರಿಯದವನೂ ಕುರುಕ್ಷೇತ್ರ ನಾಟಕದ ಹಾಡನ್ನು ಹೊಲದಲ್ಲಿ ಹಾಡಿಕೊಳ್ಳುತ್ತಿದ್ದನು. ಅವನು ದೇವಾಲಯದ ಬಾಗಿಲು ದಾಟಿದೊಡನೆ ಆ ಕಿವಿಯನ್ನು ಹೊರಗೆ ಬಿಟ್ಟು ಬರಬೇಕೆಂದರೆ ಅದು ನ್ಯಾಯವಾಗುವುದಿಲ್ಲ.

ಲೋಕಪ್ರಚಲಿತವಾದ ಧಾಟಿಯನ್ನು ದೈವಸ್ತುತಿಗೆ ಬಳಸುವುದು ಧರ್ಮಸಭೆಗೆ ಹೊಸತಲ್ಲ. ನಾಲ್ಕನೆಯ ಶತಮಾನದಲ್ಲಿ ಎದೆಸ್ಸಾ ನಗರದ ಜನರು ಬಾರ್ದೈಸಾನನ ಮಗ ಹರ್ಮೋನಿಯಸನ ಇಂಪಾದ ಗೀತೆಗಳಿಗೆ ಮನಸೋತು, ಅವುಗಳಲ್ಲಿದ್ದ ತಪ್ಪು ಬೋಧೆಯನ್ನೂ ನುಂಗುತ್ತಿದ್ದರಂತೆ. ಇದನ್ನು ಕಂಡ ಸಂತ ಎಫ್ರೇಮರು ಅದೇ ಧಾಟಿಗಳಿಗೆ ಸತ್ಯಬೋಧೆಯ ಸಾಹಿತ್ಯವನ್ನು ರಚಿಸಿ ಹಾಡಿಸಿದರೆಂದು ಪ್ರಾಚೀನ ಇತಿಹಾಸಕಾರ ಸೊಜೊಮೆನ್ ದಾಖಲಿಸಿದ್ದಾನೆ. ಈ ಎಫ್ರೇಮರನ್ನೇ 1920ರಲ್ಲಿ ಪೋಪ್ ಹದಿನೈದನೆಯ ಬೆನೆಡಿಕ್ಟರು ಧರ್ಮಸಭೆಯ ಪಂಡಿತರೆಂದು ಘೋಷಿಸಿದರು. 386ರಲ್ಲಿ ಮಿಲಾನಿನ ಭಕ್ತರು ತಮ್ಮ ಧರ್ಮಾಧ್ಯಕ್ಷರಾದ ಸಂತ ಅಂಬ್ರೋಸರೊಡನೆ ದೇವಾಲಯದಲ್ಲಿ ಕಾವಲು ಕುಳಿತಿದ್ದಾಗ, ಎದೆಗುಂದದಿರಲೆಂದು ಪೂರ್ವದೇಶಗಳ ರೀತಿಯಲ್ಲಿ ಗೀತೆಗಳನ್ನು ಹಾಡುವ ಪದ್ಧತಿ ಅಲ್ಲಿ ಆರಂಭವಾಯಿತು. ಪಶ್ಚಿಮವು ಪೂರ್ವದಿಂದ ಕಲಿತದ್ದನ್ನು ಸಂತ ಅಗಸ್ಟೀನರೇ ಬರೆದಿದ್ದಾರೆ.

ಭಾರತದಲ್ಲಿಯೂ ಈ ಮಾರ್ಗವನ್ನು ತುಳಿದವರು ಮೊದಲಿನಿಂದ ಇದ್ದರು. ಗೋವೆಯಲ್ಲಿದ್ದ ಯೇಸುಸಭೆಯ ಥಾಮಸ್ ಸ್ಟೀಫನ್ಸರು ಮರಾಠಿಯ ಓವಿ ಛಂದಸ್ಸಿನಲ್ಲಿ ಬರೆದ ಕ್ರಿಸ್ತಪುರಾಣ 1616ರಲ್ಲಿ ಅಚ್ಚಾಯಿತು. 1907ರಲ್ಲಿ ಅದು ಮತ್ತೆ ಅಚ್ಚಾದದ್ದು ನಮ್ಮ ಮಂಗಳೂರಿನಲ್ಲಿ. ವೀರಮಾಮುನಿವರೆಂದು ತಮಿಳರು ಗೌರವಿಸುವ ಬೆಸ್ಕಿಯವರು ಸಂತ ಜೋಸೆಫರ ಮೇಲೆ ತೇಂಬಾವಣಿ ಎಂಬ ಮಹಾಕಾವ್ಯವನ್ನು ರಚಿಸಿದರು. ತಂಜಾವೂರಿನಲ್ಲಿ ತ್ಯಾಗರಾಜರ ಸಮಕಾಲೀನರಾಗಿದ್ದ ವೇದನಾಯಕ ಶಾಸ್ತ್ರಿಗಳು (1774-1864) ಸರಭೋಜಿ ಮಹಾರಾಜರ ಸಹಪಾಠಿ. ಕ್ರಿಸ್ತರನ್ನು ಕುರಿತು ಕೀರ್ತನೆಗಳನ್ನೂ ಬೆತ್ಲೆಹೇಮ್ ಕುರವಂಜಿಯನ್ನೂ ಬರೆದರು. ತೆಲುಗಿನಲ್ಲಿ ಪುರುಷೋತ್ತಮ ಚೌಧರಿಯವರು (1803-1890) ಕ್ರೈಸ್ತ ಕೀರ್ತನೆಗಳಿಗೆ ಅಡಿಪಾಯ ಹಾಕಿದರು.

ಕಥೋಲಿಕರಾದ ನಾವು ವಿಶೇಷವಾಗಿ ನೆನೆಯಬೇಕಾದವರು ಮಾಯೂರಂ ವೇದನಾಯಕಂ ಪಿಳ್ಳೆಯವರು (1826-1889). ವೃತ್ತಿಯಿಂದ ಮುನ್ಸೀಫರು, ಮತದಿಂದ ಕಥೋಲಿಕರು. 1878ರಲ್ಲಿ ಅವರು ಪ್ರಕಟಿಸಿದ ಸರ್ವಸಮಯ ಸಮರಸ ಕೀರ್ತನೆಗಳು ಯಾವ ಮತದವನೂ ತನ್ನ ದೇವರನ್ನು ನೆನೆದು ಹಾಡಬಹುದಾದ ರಚನೆಗಳು. ಅವು ಕರ್ನಾಟಕ ಸಂಗೀತದ ಕಚೇರಿಗಳಲ್ಲಿಯೂ ಸ್ಥಾನ ಪಡೆದವು. ಅವರು ಶಾಸ್ತ್ರದ ಒಳಗೆ ನಿಂತು ಬರೆದ ಕಾರಣ ಶಾಸ್ತ್ರಜ್ಞರು ಅವರನ್ನು ತಮ್ಮವರೆಂದು ಒಪ್ಪಿದರು.

ಕನ್ನಡಕ್ಕೆ ಬಂದರೆ ಪ್ರಾಟೆಸ್ಟೆಂಟ್ ಸೋದರರ ಸೇವೆಯನ್ನು ಮುಕ್ತಕಂಠದಿಂದ ಹೊಗಳಬೇಕು. ಬಾಸೆಲ್ ಮಿಶನ್ನಿನ ಫರ್ಡಿನೆಂಡ್ ಕಿಟ್ಟೆಲರನ್ನು ನಾವು ಸಾಮಾನ್ಯವಾಗಿ 1894ರ ನಿಘಂಟಿನಿಂದ ಬಲ್ಲೆವು. ಅದಕ್ಕೂ ಮೂವತ್ತೆರಡು ವರ್ಷ ಹಿಂದೆ, 1862ರಲ್ಲಿ, ಅವರು ಯೇಸುವಿನ ಚರಿತ್ರೆಯನ್ನು ದೇಶೀಯ ಛಂದಸ್ಸಿನಲ್ಲಿ ಹಾಡಿ ಕಥಾಮಾಲೆಯಾಗಿ ಪ್ರಕಟಿಸಿದರು. 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನು ಸಂಪಾದಿಸಿದರು. ಕನ್ನಡದಲ್ಲಿ ದೇವರನ್ನು ಹಾಡಬೇಕಾದರೆ ಕನ್ನಡದ ಲಘು ಗುರುಗಳನ್ನು ಮೊದಲು ಕಲಿಯಬೇಕೆಂಬ ವಿನಯ ಆ ಜರ್ಮನ್ ವಿದ್ವಾಂಸರಲ್ಲಿ ಇತ್ತು.

ಈ ವಿನಯ ಏಕೆ ಅಗತ್ಯವೆಂಬುದನ್ನು ಸ್ವಲ್ಪ ಬಿಡಿಸಿ ಹೇಳುವೆವು. ಅನೇಕ ಪಾಶ್ಚಾತ್ಯ ಗೀತೆಗಳಲ್ಲಿ ಮೊದಲ ಅಕ್ಷರ ಹಗುರವಾಗಿ ಬಂದು, ಎರಡನೆಯದರ ಮೇಲೆ ಪೆಟ್ಟು ಬೀಳುತ್ತದೆ. ಕನ್ನಡದ ಮಾತಿನ ಭಾರ ಪದದ ಆದಿಯಲ್ಲಿದೆ. ನಮ್ಮ ಪ್ರಾಸವೂ ಸಾಲಿನ ಕೊನೆಗಿಂತ ಹೆಚ್ಚಾಗಿ ಆದಿಯ ಎರಡನೆಯ ಅಕ್ಷರದಲ್ಲಿ ನಿಲ್ಲುತ್ತದೆ. ಹೀಗಿರಲು ಪಾಶ್ಚಾತ್ಯ ಧಾಟಿಗೆ ಕನ್ನಡ ಪದಗಳನ್ನು ತುಂಬಿದಾಗ ಹ್ರಸ್ವವು ದೀರ್ಘವಾಗಿ, ದೀರ್ಘವು ಹ್ರಸ್ವವಾಗಿ, ಅರ್ಥವೇ ಕೆಡುವುದುಂಟು. ಹಾಡುವವನು ಅಭ್ಯಾಸಬಲದಿಂದ ಹಾಡುತ್ತಾನೆ. ಮೊದಲ ಬಾರಿ ಕೇಳುವವನಿಗೆ ಅದು ಕನ್ನಡವೆಂದೇ ತಿಳಿಯದು.

ಕಥೋಲಿಕ ಧರ್ಮಸಭೆಯಲ್ಲಿ ದೇಶೀಯ ಸಂಗೀತಕ್ಕೆ ಬಾಗಿಲು ತೆರೆದದ್ದು ನಿಧಾನವಾಗಿ. 1903ರಲ್ಲಿ ಪೋಪ್ ಹತ್ತನೆಯ ಭಕ್ತಿನಾಥರು, ಅಂದರೆ ಸಂತ ಹತ್ತನೆಯ ಪಿಯುಸರು, ಹೊರಡಿಸಿದ ಶಾಸನವು ಗ್ರೆಗೋರಿಯನ್ ಗಾಯನಕ್ಕೆ ಅಗ್ರಸ್ಥಾನ ಕೊಟ್ಟಿತು. ಪಿಯಾನೊ, ಮದ್ದಳೆ, ತಾಳಗಳಂತಹ ವಾದ್ಯಗಳನ್ನು ದೇವಾಲಯದಲ್ಲಿ ನಿಷೇಧಿಸಿತು. ಆಗ ಬಲಿಪೂಜೆಯ ಭಾಷೆ ಲತೀನು. ಕನ್ನಡ ಹಾಡಿಗೆ ಉಳಿದ ಜಾಗ ಮೆರವಣಿಗೆ, ತೇರು, ಜಪಸರ, ತಪಸ್ಸುಕಾಲದ ಸಂಜೆಗಳು. ಪೂಜೆಯ ಹೊರಗೆ ಉಳಿದರೂ ಹಾಡು ಜನರ ನಡುವೆ ಬೆಳೆಯಿತು. 1955ರಲ್ಲಿ ಪೋಪ್ ಹನ್ನೆರಡನೆಯ ಪಿಯುಸರು ಪವಿತ್ರ ಸಂಗೀತವನ್ನು ಕುರಿತ ವಿಶ್ವಪತ್ರದಲ್ಲಿ ಧರ್ಮಪ್ರಚಾರದ ನಾಡುಗಳ ಜನರ ಸಂಗೀತಪ್ರೀತಿಯನ್ನು ಗಮನಿಸಿದರು. 1963ರ ಡಿಸೆಂಬರ್ 4ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ದೈವಾರಾಧನೆಯ ಸಂವಿಧಾನವನ್ನು ಪ್ರಕಟಿಸಿ, ಅದರ 119ನೆಯ ಕಲಂನಲ್ಲಿ ಆಯಾ ಜನಾಂಗಗಳ ಸಂಗೀತ ಪರಂಪರೆಗೆ ಆರಾಧನೆಯಲ್ಲಿ ತಕ್ಕ ಸ್ಥಾನ ಕೊಡಬೇಕೆಂದು ವಿಧಿಸಿತು. ಹಾಸನ ಸೀಮೆಯನ್ನು ಒಳಗೊಂಡ ಚಿಕ್ಕಮಗಳೂರು ಧರ್ಮಪ್ರಾಂತ್ಯ ಮೈಸೂರಿನಿಂದ ಬೇರೆಯಾಗಿ ಸ್ಥಾಪನೆಯಾದದ್ದೂ ಅದೇ 1963ರಲ್ಲಿ ಎಂಬುದನ್ನು ಇಲ್ಲಿ ಸ್ಮರಿಸಬಹುದು.

ಬಾಗಿಲು ತೆರೆದಾಗ ಹಾಡುಗಳು ಬೇಕಾದವು. ಪ್ರವೇಶಕ್ಕೊಂದು, ಕಾಣಿಕೆಗೊಂದು, ಪರಮಪ್ರಸಾದಕ್ಕೊಂದು. ವರ್ಷದ ಹಬ್ಬಗಳಿಗೆಲ್ಲ ಬೇರೆ ಬೇರೆ. ಇಷ್ಟನ್ನು ಹೊಸದಾಗಿ ರಚಿಸುವುದು ಎಲ್ಲ ಕಡೆಯೂ ಸಾಧ್ಯವಾಗಲಿಲ್ಲ. ಆಗ ನೆರವಿಗೆ ಬಂದದ್ದು ಮಟ್ಟು. ಹಾಡಿನ ತಲೆಯ ಮೇಲೆ ‘ಇಂತಹ ಹಾಡಿನ ಮಟ್ಟು’ ಎಂದು ಬರೆದು, ಬಲ್ಲ ಧಾಟಿಗೆ ಹೊಸ ಸಾಹಿತ್ಯ ಕೂಡಿಸುವ ಈ ಕ್ರಮ ನಮ್ಮ ನಾಡಿನಲ್ಲಿ ಹಳೆಯದು; ನಾಟಕ ಕಂಪನಿಗಳ ಹಾಡಿನ ಪುಸ್ತಕಗಳಲ್ಲಿಯೂ ಇತ್ತು. ಉಪದೇಶಿಗಳು, ಶಾಲಾ ಮಾಸ್ತರರು, ಭಗಿನಿಯರು ಹೀಗೆ ಬರೆದ ಗೀತೆಗಳಿಂದಲೇ ಎಷ್ಟೋ ಊರುಗಳ ಆರಾಧನೆ ನಡೆಯಿತು. ಆ ಋಣವನ್ನು ಹಗುರವಾಗಿ ಎಣಿಸಕೂಡದು.

ಆದರೆ ಮಟ್ಟಿನ ಮಾರ್ಗಕ್ಕೆ ಒಂದು ಮಿತಿ ಇದೆ. ಧಾಟಿಯು ತನ್ನ ಹಳೆಯ ಮಾತನ್ನು ಬೆನ್ನಿಗೆ ಕಟ್ಟಿಕೊಂಡೇ ಬರುತ್ತದೆ. ಒಬ್ಬ ವಾಗ್ಗೇಯಕಾರನು ರಾಮನನ್ನು ನೆನೆದು ಕಣ್ಣೀರಿಟ್ಟು ರಚಿಸಿದ ಕೃತಿಯ ಪದಗಳನ್ನು ಕಿತ್ತು, ಆ ಜಾಗದಲ್ಲಿ ನಮ್ಮ ಪದಗಳನ್ನು ಇಟ್ಟರೆ ಕೇಳುವ ಅನ್ಯಮತೀಯನಿಗೆ ನೋವಾಗುತ್ತದೆ. ಹಾಡುವ ನಮ್ಮವನಿಗೂ ಮನಸ್ಸು ಒಂದೆಡೆ ನಿಲ್ಲದು. ಸಿನಿಮಾ ಹಾಡಿನ ಮಟ್ಟಾದರಂತೂ ಪರಮಪ್ರಸಾದದ ವೇಳೆಯಲ್ಲಿ ನಾಯಕ ನಾಯಕಿಯರ ನೆನಪು ಬರುವುದನ್ನು ತಪ್ಪಿಸಲಾಗದು. ಕೃತಿ ಒಬ್ಬರ ರಚನೆ. ರಾಗ ಎಲ್ಲರ ಸ್ವತ್ತು. ಈ ವ್ಯತ್ಯಾಸವನ್ನು ನಮ್ಮ ಗಾನವೃಂದಗಳು ದಯವಿಟ್ಟು ಮನಗಾಣಬೇಕು.

ಈ ಮಾತಿಗೆ ಇತ್ತೀಚಿನ ಒಂದು ಪ್ರಸಂಗ ತೂಕ ತಂದಿದೆ. 2018ರ ಆಗಸ್ಟ್‌ನಲ್ಲಿ ಚೆನ್ನೈನಲ್ಲಿ ಕ್ರೈಸ್ತ ಗೀತೆಗಳನ್ನು ಹಾಡಲು ಒಪ್ಪಿದ್ದ ಕರ್ನಾಟಕ ಸಂಗೀತದ ಕೆಲವು ಗಾಯಕರು ಬೆದರಿಕೆಗಳನ್ನು ಎದುರಿಸಬೇಕಾಯಿತು. ಒಂದು ಕಚೇರಿ ರದ್ದಾಯಿತು. ತ್ಯಾಗರಾಜರ ಕೃತಿಗಳನ್ನು ಕದ್ದು ಯೇಸುವಿನ ಹೆಸರು ಸೇರಿಸುತ್ತಾರೆಂಬುದು ಆಗ ಕೇಳಿಬಂದ ಆಪಾದನೆ. ಅದಕ್ಕೆ ಉತ್ತರವಾಗಿ ವಿದ್ವಾನ್ ಟಿ. ಎಂ. ಕೃಷ್ಣ ಅವರು ಪ್ರತಿ ತಿಂಗಳೂ ಯೇಸುವನ್ನೋ ಅಲ್ಲಾಹುವನ್ನೋ ಕುರಿತ ಒಂದು ಕರ್ನಾಟಕ ಸಂಗೀತದ ಹಾಡನ್ನು ಹೊರತರುವುದಾಗಿ ಸಾರಿದರು. ಬೆದರಿಕೆಯನ್ನು ನಾವು ಒಪ್ಪಲಾರೆವು. ಆದರೆ ಆಪಾದನೆಗೆ ಉತ್ತರ ಕೊಡುವವರು ಮೊದಲು ತಮ್ಮ ಹಾಡಿನ ಪುಸ್ತಕವನ್ನು ತೆರೆದು ನೋಡಬೇಕು. ವೇದನಾಯಕ ಶಾಸ್ತ್ರಿ, ವೇದನಾಯಕಂ ಪಿಳ್ಳೆಯಂಥವರು ಎರಡು ಶತಮಾನಗಳಿಂದ ಸ್ವತಂತ್ರವಾಗಿ ರಚಿಸಿದ್ದನ್ನು ತೋರಿಸಬಲ್ಲೆವು. ಅದೇ ಹಾದಿಯಲ್ಲಿ ಮುಂದುವರಿದರೆ ನಮ್ಮ ಮಾತಿಗೆ ಬಲ ಬರುತ್ತದೆ.

ಕೊಡುಕೊಳ್ಳುವಿಕೆ ಒಮ್ಮುಖವಾಗಿ ನಡೆದಿಲ್ಲವೆಂಬುದನ್ನೂ ಹೇಳಬೇಕು. ಮುತ್ತುಸ್ವಾಮಿ ದೀಕ್ಷಿತರು (1775-1835) ಪಾಶ್ಚಾತ್ಯ ಬ್ಯಾಂಡಿನ ಧಾಟಿಗಳನ್ನು ಕೇಳಿ ಅವುಗಳಿಗೆ ಸಂಸ್ಕೃತ ಸಾಹಿತ್ಯ ಕೂಡಿಸಿದರು. ನೊಟ್ಟುಸ್ವರಗಳೆಂದು ಹೆಸರಾದ ಅವುಗಳಲ್ಲಿ ಒಂದು ಇಂಗ್ಲೆಂಡಿನ ರಾಷ್ಟ್ರಗೀತೆಯ ಧಾಟಿಯಲ್ಲಿದೆ. ಅವರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು ಯೂರೋಪಿನ ಪಿಟೀಲನ್ನು ನಮ್ಮ ಸಂಗೀತಕ್ಕೆ ಒಗ್ಗಿಸಿದರು. ಇಂದು ಪಿಟೀಲಿಲ್ಲದ ಕಚೇರಿ ಅಪರೂಪ. ಗೌರವದಿಂದ ಪಡೆದದ್ದನ್ನು ಕಾಲವು ಸ್ವಂತದ್ದಾಗಿ ಮಾಡಿಕೊಡುತ್ತದೆ.

ಇನ್ನು ನಮ್ಮೊಳಗಿನ ಆಕ್ಷೇಪ. ಇದು ಹಿಂದೂ ಭಜನೆಯಂತೆ ಕೇಳಿಸುತ್ತದೆ ಎನ್ನುವ ಹಿರಿಯರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಅವರಿಗೆ ನಮ್ಮ ಬಿನ್ನಹ ಇದು: ನಮ್ಮ ಪವಿತ್ರ ಬೈಬಲ್ಲಿನಲ್ಲಿ ದಾವೀದರಸನ ಗೀತೆಗಳಿಗೆ ಕನ್ನಡದಲ್ಲಿ ಇಟ್ಟ ಹೆಸರೇ ಕೀರ್ತನೆಗಳು. ಪುರಂದರದಾಸರ (1484-1564) ರಚನೆಗಳಿಗೂ ಅದೇ ಹೆಸರು. ಅನುವಾದಕರು ಆ ಪದವನ್ನು ಆರಿಸಿದಾಗಲೇ ಅರ್ಧ ದಾರಿ ನಡೆದಿದ್ದರು. ಗುರುಮಠದಲ್ಲಿ ನಾವು ಕಲಿತ ಗ್ರೆಗೋರಿಯನ್ ಗಾಯನವೂ ನಮ್ಮ ಸಂಗೀತಕ್ಕೆ ದೂರದ್ದಲ್ಲ. ಅದೂ ಏಕಧ್ವನಿಯ ಗಾಯನ. ಅದರ ಮೊದಲನೆಯ ಕ್ರಮದ ಸ್ವರಗಳು ನಮ್ಮ ಖರಹರಪ್ರಿಯಕ್ಕೂ ಮೂರನೆಯದರ ಸ್ವರಗಳು ತೋಡಿಗೂ ಹೊಂದುತ್ತವೆ. ಗಮಕ ಸಂಚಾರಗಳು ಬೇರೆಯಾದರೂ ಬಂಧುತ್ವ ಸ್ಪಷ್ಟ.

ಸಂತ ಅಗಸ್ಟೀನರ ಎಚ್ಚರಿಕೆಯೊಂದನ್ನು ಮಾತ್ರ ಎಲ್ಲರೂ ನೆನಪಿಡಬೇಕು. ಹಾಡಿನ ಅರ್ಥಕ್ಕಿಂತ ಹಾಡಿನ ಇಂಪೇ ತಮ್ಮನ್ನು ಹೆಚ್ಚಾಗಿ ಸೆಳೆದಾಗ ಅದು ತಪ್ಪೆಂದು ಅವರು ಅಳುಕುತ್ತಿದ್ದರು. ರಾಗಾಲಾಪನೆಯಲ್ಲಿ ಗಾಯಕನ ಪ್ರೌಢಿಮೆ ಮೆರೆದು ಭಕ್ತರು ಮೂಕರಾಗಿ ಕುಳಿತರೆ ಅದು ಕಚೇರಿ, ಆರಾಧನೆಯಾಗದು. ಎಲ್ಲರೂ ಕೂಡಿ ಹಾಡಬೇಕೆಂಬುದು ಮಹಾಸಭೆಯ ಆಶಯ.

ಇದಕ್ಕೆ ನಮ್ಮ ಸಂಗೀತದಲ್ಲಿಯೇ ಉಪಾಯಗಳಿವೆ. ಪಲ್ಲವಿಯನ್ನು ಎಲ್ಲರೂ, ಚರಣವನ್ನು ಒಬ್ಬರು ಹಾಡುವ ಕ್ರಮವು ಬಲಿಪೂಜೆಯಲ್ಲಿ ಮೊದಲ ವಾಚನದ ನಂತರ ಬರುವ ಕೀರ್ತನೆಗೆ ಹೇಳಿ ಮಾಡಿಸಿದಂತಿದೆ. ತಾಳದ ಕಟ್ಟಿಲ್ಲದೆ ಮಾತಿನ ನಡೆಯನ್ನೇ ಅನುಸರಿಸುವ ಉಗಾಭೋಗ ಗುರುಗಳು ಹಾಡುವ ಪ್ರಾರ್ಥನೆಗಳಿಗೆ ಒಪ್ಪುತ್ತದೆ. ಕಾವ್ಯವನ್ನು ರಾಗವಾಗಿ ಓದುವ ಗಮಕ ಕಲೆ ಕನ್ನಡಿಗರ ದೊಡ್ಡ ಸಂಪತ್ತು. ಶುಭಸಂದೇಶವನ್ನು ಹಾಡಿ ಸಾರುವುದಕ್ಕೆ ಅದಕ್ಕಿಂತ ಮಿಗಿಲಾದ ಮಾದರಿಯನ್ನು ನಾವು ಕಾಣೆವು. ಕಾಲಕ್ಕೆ ತಕ್ಕ ರಾಗಗಳೂ ಇವೆ. ಪುನರುತ್ಥಾನದ ಮುಂಜಾವಿಗೆ ಭೂಪಾಳ ಬೌಳಿಗಳು, ಕ್ರಿಸ್ತಜಯಂತಿಯ ಜೋಗುಳಕ್ಕೆ ನೀಲಾಂಬರಿ, ಶಿಲುಬೆ ಹಾದಿಗೆ ಮುಖಾರಿ, ಹಬ್ಬದ ಹರ್ಷಕ್ಕೆ ಮೋಹನ, ಮಂಗಳಕ್ಕೆ ಮಧ್ಯಮಾವತಿ. ಸುಲಭವಾದ ಆದಿತಾಳ, ತಾರಸ್ಥಾಯಿಗೆ ಬಹಳ ಏರದ ಧಾಟಿ, ಎರಡು ಮೂರು ಚರಣ, ಧರ್ಮಗ್ರಂಥದಿಂದ ಆಯ್ದ ಸಾಹಿತ್ಯ. ಇಷ್ಟಿದ್ದರೆ ಮುದುಕಿಯೂ ಮಗುವೂ ಕೂಡಿ ಹಾಡಬಲ್ಲರು.

ವಾದ್ಯದ ವಿಷಯದಲ್ಲಿಯೂ ಒಂದು ಮಾತು. ಹಾರ್ಮೋನಿಯಂ ಯೂರೋಪಿನಿಂದ ಬಂದು ನಮ್ಮ ಮನೆಮಗುವಾಯಿತು. ಆದರೆ ಅದರ ಮನೆಗಳು ಸ್ಥಿರ. ಗಮಕ ಅದರಲ್ಲಿ ಹೊರಡದು. ಆಕಾಶವಾಣಿ 1940ರಿಂದ 1971ರವರೆಗೆ ಅದನ್ನು ಹೊರಗಿಟ್ಟದ್ದಕ್ಕೆ ಇಂತಹ ಆಕ್ಷೇಪಗಳೂ ಕಾರಣ. ಕೀಬೋರ್ಡಿಗೂ ಇದೇ ಮಾತು ಅನ್ವಯಿಸುತ್ತದೆ. ಶ್ರುತಿಗೆ ಅದನ್ನು ಬಳಸೋಣ; ರಾಗವನ್ನು ಕಂಠದಿಂದಲೇ ಕಲಿಸೋಣ. ಮೊಬೈಲಿನಲ್ಲಿ ಸಿದ್ಧವಾಗಿ ದೊರೆಯುವ ಹಿನ್ನೆಲೆ ಸಂಗೀತವನ್ನು ಹಚ್ಚಿ ಅದರ ಹಿಂದೆ ಓಡುವ ಅಭ್ಯಾಸ ಹೆಚ್ಚುತ್ತಿದೆ. ಗಾನವೃಂದದ ಕೆಲಸ ಯಂತ್ರದ ಪಾಲಾದರೆ ಮುಂದಿನ ಪೀಳಿಗೆಗೆ ಹಾಡು ಕಟ್ಟುವವರೇ ಇರುವುದಿಲ್ಲ.

ಹಾಸನಕ್ಕೆ ಸಮೀಪದ ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಗುರುಗಳು 1860ರ ದಶಕದಲ್ಲಿ ಕಟ್ಟಿಸಿದ ಜಪಮಾಲೆ ಮಾತೆಯ ದೇವಾಲಯವನ್ನು ನೀವೆಲ್ಲರೂ ನೋಡಿದ್ದೀರಿ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದ ಮೇಲೆ ಊರವರು ಎದ್ದು ಹೋದರು. ಮಳೆಗಾಲದಲ್ಲಿ ನೀರು ಗೋಡೆಗಳನ್ನು ಸುತ್ತುತ್ತದೆ, ಬೇಸಗೆಯಲ್ಲಿ ಅವು ಮತ್ತೆ ಹೊರಗೆ ಕಾಣುತ್ತವೆ. ಅದರ ಚಿತ್ರ ತೆಗೆಯಲು ದೂರದೂರಿನಿಂದ ಜನ ಬರುತ್ತಾರೆ. ಆದರೆ ಆ ಗೋಡೆಗಳ ನಡುವೆ ಯಾವ ಹಾಡು ಹಾಡುತ್ತಿದ್ದರು, ಅದನ್ನು ಕಟ್ಟಿದವರು ಯಾರು ಎಂದು ಕೇಳುವವರು ವಿರಳ. ಅಲ್ಲಿಂದ ಹೊರಟ ಕುಟುಂಬಗಳ ಹಿರಿಯರ ಕಂಠದಲ್ಲಿ ಏನು ಉಳಿದಿದೆಯೋ ಅದನ್ನು ಈಗಲೇ ಕೇಳಿಟ್ಟುಕೊಳ್ಳದಿದ್ದರೆ ಯಾವ ಬೇಸಗೆಯೂ ಅದನ್ನು ಮರಳಿಸದು.

ಆದ್ದರಿಂದ ಶತಮಾನೋತ್ಸವದ ನೆನಪಿಗೆ ನಾಲ್ಕು ಕಾರ್ಯಗಳನ್ನು ನಿಮ್ಮ ಮುಂದೆ ಇಡುತ್ತೇವೆ. ಮೊದಲನೆಯದು, ಗಾನವೃಂದದ ಹಳೆಯ ಕೈಬರಹದ ಪುಸ್ತಕಗಳನ್ನು ಒಟ್ಟುಗೂಡಿಸಿ, ಪ್ರತಿ ಹಾಡಿಗೂ ರಾಗ, ತಾಳ ಅಥವಾ ಮಟ್ಟು, ರಚಿಸಿದವರ ಹೆಸರು ತಿಳಿದಷ್ಟನ್ನು ಬರೆಯುವುದು. ಎಷ್ಟೋ ಹಾಡುಗಳಿಗೆ ಮಟ್ಟಿನ ಹೆಸರಿದೆ, ಕವಿಯ ಹೆಸರಿಲ್ಲ. ಎರಡನೆಯದು, ಅರವತ್ತು ದಾಟಿದವರ ಹಾಡುಗಳನ್ನು ನಮ್ಮ ಯುವಕರು ಮನೆಮನೆಗೆ ಹೋಗಿ ಮೊಬೈಲಿನಲ್ಲಿಯೇ ಮುದ್ರಿಸಿಕೊಳ್ಳುವುದು. ಮೂರನೆಯದು, ಧರ್ಮೋಪದೇಶದ ತರಗತಿಯ ಮಕ್ಕಳಿಗೆ ವಾರಕ್ಕೆ ಒಂದು ಗಂಟೆ ಮಾಯಾಮಾಳವಗೌಳದ ಸರಳೆವರಸೆಯಿಂದ ಆರಂಭಿಸಿ ಸಂಗೀತ ಪಾಠ ಹೇಳಿಸುವುದು. ಕಲಿಸುವ ವಿದ್ವಾಂಸರು ಯಾವ ಮತದವರಾದರೂ ಅವರನ್ನು ಗುರುಸ್ಥಾನದಲ್ಲಿ ಕಂಡು ಸಂಭಾವನೆ ಸಲ್ಲಿಸುವುದು. ಫೋರ್ಟ್ ಕೊಚ್ಚಿಯ ಕಥೋಲಿಕ ಮನೆಯಿಂದ ಬಂದ ಯೇಸುದಾಸರನ್ನು ಚೆಂಬೈ ವೈದ್ಯನಾಥ ಭಾಗವತರು ಶಿಷ್ಯರಾಗಿ ಸ್ವೀಕರಿಸಿದರು. ವಿದ್ಯೆ ಕೇಳಿ ಹೋದವರನ್ನು ಅರಕಲಗೂಡಿನ ಸೀಮೆಯೂ ಬರಿಗೈಯಲ್ಲಿ ಕಳುಹಿಸದು. ನಾಲ್ಕನೆಯದು, ಪ್ರತಿವರ್ಷ ಒಂದಾದರೂ ಹೊಸ ಗೀತೆ, ಯಾರ ಕೃತಿಯ ಮಟ್ಟನ್ನೂ ಎರವಲು ಪಡೆಯದೆ, ನಮ್ಮ ಧರ್ಮಕೇಂದ್ರದಲ್ಲಿಯೇ ರಚಿತವಾಗಿ ಹಬ್ಬದ ದಿನ ಹಾಡಲ್ಪಡುವುದು.

ಇವು ಲಕ್ಷಾಂತರ ರೂಪಾಯಿಯ ಯೋಜನೆಗಳಲ್ಲ. ಗೋಪುರಕ್ಕೆ ಬಣ್ಣ ಬಳಿಯುವ ಖರ್ಚಿನ ಒಂದು ಅಂಶ ಸಾಕು. ಬೇಕಾದದ್ದು ಶ್ರದ್ಧೆ ಮತ್ತು ಮುಂದಾಳಾಗಿ ನಿಲ್ಲುವ ಇಬ್ಬರೋ ಮೂವರೋ. 

ಕ್ರಿಸ್ತರ ವಾಕ್ಯವು ನಿಮ್ಮಲ್ಲಿ ನೆಲೆಸಿದ್ದರೆ ಅದು ಹಾಡಾಗಿ ಹೊಮ್ಮಬೇಕೆಂದು ಸಂತ ಪೌಲರು ಕೊಲೊಸ್ಸೆಯ ಸಭೆಗೆ ಬೋಧಿಸಿದರು. ಆ ಸಭೆಯವರು ತಮ್ಮ ಭಾಷೆಯಲ್ಲಿ ಹಾಡಿದರು. ನಮಗೆ ಕನ್ನಡವಿದೆ, ಕನ್ನಡದ ರಾಗಗಳಿವೆ, ಹಾಡುವ ಕಂಠಗಳಿವೆ. ಮುಂದಿನ ಭಾನುವಾರ ಬಲಿಪೂಜೆಯ ನಂತರ ಹಾಡಿನ ಪುಸ್ತಕಗಳನ್ನು ತಂದು ಗುರುಮನೆಯಲ್ಲಿ ಒಪ್ಪಿಸಬೇಕೆಂದು ವಿನಂತಿಸುತ್ತೇವೆ. ಪ್ರಭು ನಿಮ್ಮನ್ನೂ ನಿಮ್ಮ ಮನೆಮಕ್ಕಳನ್ನೂ ಹರಸಲಿ.